ಹ್ಯಾರಿ ಇಲ್ಲದಿದ್ದರೆ ಡೆಕ್ಸ್ಟರ್ ಕೊಲೆಗಾರ ಆಗುತ್ತಿದ್ದನಾ?

ಮಂಡಿ ಗುಮಾಸ್ತ, ತೀರ್ಥಹಳ್ಳಿ

ಮೊದಲೇ ಹೇಳಿಬಿಡುತ್ತೇನೆ, ಪೊಲೀಸರ ಜೊತೆ ಕೆಲಸ ಮಾಡುತ್ತಲೇ ಕೊಲೆಗಾರರನ್ನು ಗುಟ್ಟಾಗಿ ಕೊಲ್ಲುವವನ ಕಥೆಯ ಇಂಗ್ಲಿಷ್ ಧಾರಾವಾಹಿ ‘ಡೆಕ್ಸ್ಟರ್’ ಇನ್ನು ಮೇಲೆ ನೋಡಬೇಕು ಅಂತಿರುವವರು ಮುಂದೆ ಓದಬೇಡಿ. 2006ರ ಮೊದಲ ಸೀಸನ್‌ನಿಂದ 2025ರ ‘ರಿಸರೆಕ್ಷನ್’ ತನಕದ ಎಲ್ಲ ಗುಟ್ಟೂ ಇಲ್ಲಿ ರಟ್ಟಾಗುತ್ತೆ.

ನನ್ನ ತಲೆ ತಿನ್ನುತ್ತಿರುವುದು ಡೆಕ್ಸ್ಟರ್‌ನ ಸಾಕಪ್ಪ, ಪೊಲೀಸ್ ಹ್ಯಾರಿಯ ವಿಷಯ. ಮಾತಾಡಿದವರೆಲ್ಲ ಅವನನ್ನು ದೊಡ್ಡ ಮನುಷ್ಯ ಅಂತಾರೆ. ರಕ್ತದ ಮಡುವಿನಲ್ಲಿ ಕೂತಿದ್ದ ಮೂರು ವರ್ಷದ ಮಗುವನ್ನು ಎತ್ತಿ ತಂದು ಸಾಕಿದ. ಹುಡುಗನೊಳಗೆ ಕೊಲ್ಲುವ ಆಸೆ ಇದೆ ಅಂತ ಗೊತ್ತಾದಾಗ ಕೈಬಿಡಲಿಲ್ಲ. ‘ಸಿಕ್ಕಿಬೀಳಬೇಡ, ಅಮಾಯಕರನ್ನು ಮುಟ್ಟಬೇಡ’ ಅಂತ ನಿಯಮ ಕಲಿಸಿದ. ಇಲ್ಲದಿದ್ದರೆ ಇವನು ಊರಿಗೇ ಮಾರಿ ಆಗುತ್ತಿದ್ದ ಅನ್ನುವುದು ಎಲ್ಲರ ವಾದ.

ನನಗೆ ಇದು ಗಂಟಲಲ್ಲಿ ಇಳಿಯುತ್ತಿಲ್ಲ. ಹ್ಯಾರಿ ತನಗೆ ಬೇಕಾದ ಕತ್ತಿಯನ್ನು ಮನೆಯಲ್ಲೇ ಮಸೆದುಕೊಂಡ ಅಂತಲೇ ನನ್ನ ಅನುಮಾನ.

ಈ ಅನುಮಾನ ಹುಟ್ಟಿಸಿದ್ದು ನಮ್ಮಮ್ಮ. ಕೊಯ್ಲಿನ ಸಮಯ, ಮಂಡಿಯಿಂದ ಬರುವಾಗಲೇ ರಾತ್ರಿ ಒಂಬತ್ತು. ಊಟ ಮಾಡಿ ಲ್ಯಾಪ್‌ಟಾಪ್ ತೆಗೆದರೆ ಅಮ್ಮ ಪಕ್ಕದಲ್ಲೇ ಅಡಿಕೆ ಸುಲಿಯುತ್ತಾ ಕೂರುತ್ತಾರೆ. ಇಂಗ್ಲಿಷ್ ಬರುವುದಿಲ್ಲ. ಮುಖ ನೋಡಿಯೇ ಅರ್ಧ ಕಥೆ ಹೇಳುತ್ತಾರೆ, ಉಳಿದರ್ಧ ನಾನು ಹೇಳಬೇಕು. ಮೊದಲ ಸೀಸನ್‌ನಲ್ಲಿ ಹ್ಯಾರಿ ಆಸ್ಪತ್ರೆಯಲ್ಲಿ ಮಲಗಿರುತ್ತಾನಲ್ಲ, ಒಬ್ಬ ನರ್ಸ್ ರೋಗಿಗಳಿಗೆ ಔಷಧಿ ಜಾಸ್ತಿ ಕೊಟ್ಟು ಮುಗಿಸುತ್ತಿರುತ್ತಾಳೆ. ಅವಳನ್ನು ತಡೆ ಅಂತ ಹ್ಯಾರಿಯೇ ಮಗನಿಗೆ ಹೇಳುತ್ತಾನೆ. ಡೆಕ್ಸ್ಟರ್‌ನ ಮೊದಲ ಕೊಲೆ ಅದು. ಅಮ್ಮ ಅಡಿಕೆ ಕೈಯಲ್ಲಿ ಹಿಡಿದೇ ಕೇಳಿದರು, “ಅಲ್ಲ ಮಾರಾಯ, ಅವ ಪೊಲೀಸ್ ಅಲ್ವನಾ? ಒಂದು ಫೋನ್ ಮಾಡಿದ್ರೆ ಅವಳನ್ನ ಹಿಡೀತಿರ್ಲಿಲ್ವಾ? ತನ್ನ ಕೈಯಲ್ಲಿ ಆಗದ್ದನ್ನ ಆ ಹುಡ್ಗನ ಕೈಲಿ ಮಾಡಿಸ್ತಿದಾನಲ್ಲ!”

ಅಲ್ಲಿಂದ ಹಿಂದಕ್ಕೆ ಹೋಗಿ ನೋಡಿದರೆ ಎಲ್ಲವೂ ಬೇರೆಯಾಗಿ ಕಾಣುತ್ತದೆ. ಹುಡುಗ ಕೊಂದಿದ್ದು ಪಕ್ಕದ ಮನೆಯ ನಾಯಿ, ಒಂದಷ್ಟು ಪ್ರಾಣಿ. ಅಷ್ಟಕ್ಕೇ ‘ನೀನು ಬದಲಾಗುವುದಿಲ್ಲ’ ಅಂತ ತೀರ್ಪು ಕೊಟ್ಟವನು ಹ್ಯಾರಿ. ಆ ಹುಡುಗನ ಹೆತ್ತಮ್ಮ ಲಾರಾಳನ್ನು ಕಂಟೇನರ್ ಒಳಗೆ ಅವನ ಕಣ್ಣೆದುರೇ ಗರಗಸದಲ್ಲಿ ಕೊಯ್ದ ವಿಷಯ ಮುಚ್ಚಿಟ್ಟವನೂ ಹ್ಯಾರಿಯೇ. ಆ ಲಾರಾಳನ್ನು ಪೊಲೀಸರ ಗುಪ್ತ ಮಾಹಿತಿದಾರಳಾಗಿ ಮಾಡಿ ಅಪಾಯಕ್ಕೆ ತಳ್ಳಿದವನೂ ಅವನೇ, ಅವಳ ಜೊತೆ ಸಂಬಂಧ ಇಟ್ಟುಕೊಂಡವನೂ ಅವನೇ. ಕೊನೆಗೆ ಮಗ ಒಬ್ಬನನ್ನು ತುಂಡು ಮಾಡುತ್ತಿರುವಾಗ ಕಣ್ಣಾರೆ ನೋಡಿ ವಾಂತಿ ಮಾಡಿಕೊಂಡ, ಸ್ವಲ್ಪ ದಿನಕ್ಕೆ ಮಾತ್ರೆ ನುಂಗಿ ಸತ್ತ. ಅಂದರೆ ಪಾಠ ಹೇಳುವಾಗ ಅದು ಏನು ಅಂತಲೇ ಅವನಿಗೆ ಗೊತ್ತಿರಲಿಲ್ಲ, ಅಲ್ವಾ?

ನನ್ನ ಪ್ರಶ್ನೆ ಇಷ್ಟು. ಹ್ಯಾರಿ ಇಲ್ಲದೆ ಬೇರೆ ಯಾರ ಮನೆಯಲ್ಲಾದರೂ ಬೆಳೆದಿದ್ದರೆ ಡೆಕ್ಸ್ಟರ್ ಏನಾಗುತ್ತಿದ್ದ? ಈಗ ‘ರಿಸರೆಕ್ಷನ್’ಗೆ ಇನ್ನೊಂದು ಸೀಸನ್ ಬರುತ್ತೆ ಅಂತ ಹೇಳಿದ್ದಾರೆ. ಅದರಲ್ಲಿ ಡೆಕ್ಸ್ಟರ್‌ನ ಮಗ ಹ್ಯಾರಿಸನ್‌ನ ಕಥೆ ಎಲ್ಲಿಗೆ ಹೋಗಬಹುದು?

ಲ್ಯಾಬ್ ಅಕ್ಕ, ಸಾಗರ

ತಮ್ಮಾ, ನಿನ್ನ ಅಮ್ಮನಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ. ಆದರೆ ನೀನು ಡೆಕ್ಸ್ಟರ್‌ನ ಅಣ್ಣ ಬ್ರಯನ್‌ನನ್ನು ಮರೆತೇಬಿಟ್ಟೆಯಲ್ಲ!

ಅದೇ ಕಂಟೇನರ್, ಅದೇ ರಕ್ತ, ಅದೇ ಅಮ್ಮ. ಅಣ್ಣ ತಮ್ಮ ಇಬ್ಬರೂ ಅಲ್ಲೇ ಕೂತಿದ್ದರು. ಹ್ಯಾರಿ ಚಿಕ್ಕವನನ್ನು ಎತ್ತಿಕೊಂಡ, ದೊಡ್ಡವನನ್ನು ಬಿಟ್ಟ. ಬ್ರಯನ್‌ಗೆ ಯಾವ ಹ್ಯಾರಿಯೂ ನಿಯಮ ಕಲಿಸಲಿಲ್ಲ. ಆದರೂ ಅವನು ‘ಐಸ್ ಟ್ರಕ್ ಕಿಲ್ಲರ್’ ಅನ್ನುವ ಸರಣಿ ಕೊಲೆಗಾರ ಆದ. ಅಪ್ಪ ಮಸೆಯದಿದ್ದರೂ ಕತ್ತಿ ಹರಿತವಾಯಿತು, ನಿನ್ನ ಮಾತಲ್ಲೇ ಹೇಳುವುದಾದರೆ.

ಇನ್ನೊಂದು ವಿಷಯ, ಇದು ಕೆಲಸದ ಚಪಲ, ಸಹಿಸಿಕೊಳ್ಳಿ. ನಾನು ದಿನಾ ರಕ್ತದ ಸ್ಲೈಡ್ ಮಾಡುವವಳು. ಡೆಕ್ಸ್ಟರ್ ತಾನು ಕೊಲ್ಲುವವರ ಕೆನ್ನೆ ಗೀರಿ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಬಿಟ್ಟು ಮೇಲೊಂದು ಗಾಜು ಮುಚ್ಚುತ್ತಾನಲ್ಲ, ನೋಡಲಿಕ್ಕೆ ಚೆಂದ, ಕೆಂಪು ಕಲ್ಲಿನ ಹಾಗೆ ಹೊಳೆಯುತ್ತೆ. ನಾವು ಹಾಗೆ ದಪ್ಪ ಹನಿ ಮುಚ್ಚಿಡುವುದಿಲ್ಲ. ಇನ್ನೊಂದು ಸ್ಲೈಡಿನ ಅಂಚು ಹಿಡಿದು ತೆಳ್ಳಗೆ ಎಳೆಯುತ್ತೇವೆ, ಗಾಳಿಗೆ ಒಣಗಿಸಿ ಲೀಶ್ಮನ್ ಬಣ್ಣ ಹಾಕುತ್ತೇವೆ, ಆಮೇಲೆ ಸೂಕ್ಷ್ಮದರ್ಶಕಕ್ಕೆ ಇಡುತ್ತೇವೆ. ಅವನಿಗೆ ಪರೀಕ್ಷೆ ಬೇಕಿಲ್ಲ ಬಿಡಿ, ನೆನಪಿಗೆ ಇಟ್ಟುಕೊಳ್ಳುವುದು. ಆದರೆ ಅದು ವರ್ಷಗಟ್ಟಲೆ ಹಾಗೇ ಕೆಂಪಾಗಿ ಇರುವುದಿಲ್ಲ, ಕಂದು ಬಣ್ಣಕ್ಕೆ ತಿರುಗಿ ಬಿರುಕು ಬಿಡುತ್ತೆ. ಅವನ ಸ್ಲೈಡಿನ ಪೆಟ್ಟಿಗೆ ಎಸಿಯೊಳಗೆ ಇತ್ತು, ಸರಿ. ನಮ್ಮ ಕಡೆ ಜುಲೈನಲ್ಲಿ ಅಟ್ಟದ ಮೇಲೆ ಇಟ್ಟಿದ್ದರೆ ಬೂಷ್ಟು ಹಿಡಿದು ಯಾರ ರಕ್ತ ಯಾವುದು ಅಂತ ಅವನಿಗೇ ಗೊತ್ತಾಗುತ್ತಿರಲಿಲ್ಲ. ಮಲೆನಾಡಿನಲ್ಲಿ ಚರ್ಮದ ಚಪ್ಪಲಿಗೇ ಬೂಷ್ಟು ಬರುತ್ತೆ, ಇದೆಲ್ಲಿ ಉಳಿಯುತ್ತೆ?

ಗಾಜನೂರು ಕಡೆಯವ

ಅಕ್ಕ ಸ್ಲೈಡ್ ಹಿಡಿದಿದ್ದಾರೆ, ನಾನು ಸೂಜಿ ಹಿಡಿಯುತ್ತೇನೆ.

ಹಳೇ ಸೀಸನ್‌ಗಳಲ್ಲಿ ಅವನು ಕುತ್ತಿಗೆಗೆ ಚುಚ್ಚುತ್ತಿದ್ದದ್ದು ಎಟಾರ್ಫಿನ್, ಅಂದರೆ ಎಂ-99. ಅದು ಆನೆ, ಘೇಂಡಾಮೃಗದಂಥ ದೊಡ್ಡ ಪ್ರಾಣಿಗಳನ್ನು ಮಲಗಿಸುವ ಮದ್ದು. ನಮ್ಮ ಮನೆಯಿಂದ ಸಕ್ರೆಬೈಲು ಆನೆ ಬಿಡಾರ ಹತ್ತಿರವೇ. ನಮ್ಮ ಮಾವ ಅಲ್ಲಿ ಕಾವಾಡಿ, ಅಂದರೆ ಮಾವುತನ ಸಹಾಯಕ, ಆಗಿದ್ದವರು. ಕಾಡಾನೆ ಹಿಡಿಯಲು ಹೋದಾಗಿನ ಕಥೆ ಅವರ ಬಾಯಲ್ಲೇ ಕೇಳಬೇಕು. ಡಾಕ್ಟರು ಗನ್ನಿನಿಂದ ಹೊಡೆದ ತಕ್ಷಣ ಆನೆ ಧೊಪ್ಪನೆ ಬೀಳುವುದಿಲ್ಲ. ಬೆಚ್ಚಿಬಿದ್ದು ಓಡುತ್ತೆ. ಮದ್ದು ಏರುವ ತನಕ ಸಾಕಿದ ಆನೆಗಳ ಮೇಲೆ ಕೂತು ಹಿಂದೆ ಹೋಗಬೇಕು. ಹಳ್ಳಕ್ಕೋ ಕೆಸರಿಗೋ ಬಿದ್ದರೆ ಅದರ ಜೀವಕ್ಕೇ ಸಂಚಕಾರ. ಡೆಕ್ಸ್ಟರ್ ಚುಚ್ಚಿದವರು ಮಾತ್ರ ‘ಅಯ್ಯೋ’ ಅನ್ನುವುದರೊಳಗೆ ಅವನ ತೋಳಿಗೇ ಒರಗುತ್ತಾರೆ! ಮಾವನಿಗೆ ಆ ಸೀನ್ ತೋರಿಸಿದೆ. “ಈ ಔಷಧಿ ನಮಗೆ ಕೊಡಿಸು ಮಾರಾಯ” ಅಂದರು.

ಇದನ್ನು ತಮಾಷೆಗೆ ಹೇಳಿದ್ದಲ್ಲ. 2021ರಲ್ಲಿ ಮುಂದುವರಿದ ಭಾಗ ‘ನ್ಯೂ ಬ್ಲಡ್’ ಬಂದಾಗ ಪೊಲೀಸ್ ಏಂಜೆಲಾ ಅವನನ್ನು ಹಿಡಿಯುವುದು ಕೆಟಮಿನ್ ಸುಳಿವಿನಿಂದ. ಬೇ ಹಾರ್ಬರ್ ಬುಚರ್ (ಯಾರೆಂದು ತಿಳಿಯದೆ ಡೆಕ್ಸ್ಟರ್‌ಗೆ ಇಟ್ಟಿದ್ದ ಹೆಸರು) ಕೆಟಮಿನ್ ಬಳಸುತ್ತಿದ್ದ ಅಂತ ಹುಡುಕಿ ತೆಗೆಯುತ್ತಾಳೆ. ಆದರೆ ಅವನು ಬಳಸಿದ್ದು ಎಂ-99! ಮೊದಲ ನಾಲ್ಕು ಸೀಸನ್ ನಡೆಸಿದ ಕ್ಲೈಡ್ ಫಿಲಿಪ್ಸ್ ಅವರೇ ವಾಪಸ್ ಬಂದು ಬರೆಸಿದ್ದು ಅದು. ಕೇಸಿನ ಬುಡವೇ ಅಲ್ಲಾಡುವಂಥ ತಪ್ಪು. ಇಂಥವರು ಹ್ಯಾರಿಯ ಮನಸ್ಸಿನಲ್ಲಿ ಏನಿತ್ತು ಅಂತ ಅಷ್ಟು ಆಳವಾಗಿ ಯೋಚಿಸಿರುತ್ತಾರೆ ಅಂತ ನಿಮಗೆ ಅನ್ನಿಸುತ್ತಾ? ನಾವೇ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೇವೆ.

ಶರಾವತಿ ಹಿನ್ನೀರು

ಹೆಣದ ವಿಚಾರ ಯಾರೂ ಎತ್ತಲಿಲ್ಲ. ಸಮುದ್ರ ಇದ್ದುದಕ್ಕೆ ಅವನು ಬಚಾವಾದ. ಅಲ್ಲೂ ಎರಡನೇ ಸೀಸನ್‌ನಲ್ಲಿ ಮುಳುಗುಗಾರರ ಕಣ್ಣಿಗೆ ಅವನು ಹೆಣ ತುಂಬಿ ಎಸೆದ ಚೀಲಗಳು ಬಿದ್ದವು. ನಮ್ಮ ಲಿಂಗನಮಕ್ಕಿಯಲ್ಲಿ ಎಸೆದಿದ್ದರೆ ಒಂದು ಬೇಸಿಗೆಯೂ ಕಳೆಯುತ್ತಿರಲಿಲ್ಲ. ನೀರು ಇಳಿದರೆ ಹಿರೇಭಾಸ್ಕರದ ಹಳೇ ಅಣೆಕಟ್ಟೇ ಪೂರ್ತಿ ಎದ್ದು ನಿಲ್ಲುತ್ತೆ. ಕಪ್ಪು ಚೀಲ ಕಾಣದೆ ಇರುತ್ತಾ?

ನಿವೃತ್ತ ಬೆಂಚ್ ಕ್ಲಾರ್ಕ್, ಶಿವಮೊಗ್ಗ

ಮಗಳು ಹಾಕಿಕೊಟ್ಟಳು, ಎಂಟೂ ಸೀಸನ್ ನೋಡಿದೆ. ತೊಂಬತ್ತಾರು ಕಂತು. ಐದರಿಂದ ಮುಂದೆ ಎಳೆದಿದ್ದಾರೆ, ಎಂಟನೆಯದು ನೋಡದಿದ್ದರೂ ನಷ್ಟವಿಲ್ಲ.

ತೀರ್ಥಹಳ್ಳಿಯ ಹುಡುಗ ಹೇಳಿದ್ದು ಸರಿಯಾದ ದಾರಿಯಲ್ಲೇ ಇದೆ, ಆದರೆ ಅರ್ಧಕ್ಕೆ ನಿಂತಿದೆ. ನಾನು ಕೋರ್ಟಿನಲ್ಲಿ ಕೂತು ಬಿಡುಗಡೆಯ ಆದೇಶಗಳನ್ನು ನೋಡಿದವನು. ಆರೋಪಿ ಏಕೆ ಹೊರಗೆ ಹೋಗುತ್ತಾನೆ? ಪಂಚನಾಮೆಗೆ ಸಹಿ ಹಾಕಿದವನೇ ‘ನನಗೇನೂ ಗೊತ್ತಿಲ್ಲ, ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರು’ ಅನ್ನುತ್ತಾನೆ. ಸಾಕ್ಷಿ ಉಲ್ಟಾ ಹೊಡೆಯುತ್ತಾನೆ. ವಶಪಡಿಸಿಕೊಂಡ ವಸ್ತು ಲ್ಯಾಬಿಗೆ ತಡವಾಗಿ ಹೋಗಿರುತ್ತೆ, ಸೀಲ್ ಸರಿ ಇರುವುದಿಲ್ಲ. ಕೂತು ನೋಡುವವನಿಗೆ ಹೊಟ್ಟೆ ಉರಿಯುತ್ತೆ, ನಿಜ. ಹ್ಯಾರಿಯ ಹೊಟ್ಟೆಯೂ ಹಾಗೇ ಉರಿದಿತ್ತು.

ಆದರೆ ಗಮನಿಸಿ. ಡೆಕ್ಸ್ಟರ್ ಕೆಲಸ ಮಾಡುವುದು ಎಲ್ಲಿ? ಮಯಾಮಿ ಪೊಲೀಸರ ರಕ್ತದ ಕಲೆ ವಿಭಾಗದಲ್ಲಿ. ಅಂದರೆ ಆ ಕೇಸು ನಿಲ್ಲಬೇಕಾದ ಕಂಬವೇ ಅವನು. ನಾಲ್ಕನೇ ಸೀಸನ್ ಶುರುವಿನಲ್ಲಿ ಮಗುವಿನ ಕಾಟದಿಂದ ನಿದ್ದೆಗೆಟ್ಟು ಬೇರೆ ಫೈಲ್ ಹಿಡಿದು ಕೋರ್ಟಿಗೆ ಬರುತ್ತಾನೆ. ಗೋಮೆಜ್ ಎಂಬ ಕೊಲೆಗಾರ ಹೊರಗೆ ಹೋಗುತ್ತಾನೆ. ಆಮೇಲೆ ಇವನೇ ಅವನನ್ನು ಕೊಲ್ಲುತ್ತಾನೆ! ತಾನೇ ಕೆಡಿಸಿದ ಕೇಸಿಗೆ ತಾನೇ ಶಿಕ್ಷೆ. ಅದೇ ಸೀಸನ್‌ನಲ್ಲಿ ಫೋಟೋಗ್ರಾಫರ್ ಫ್ಯಾರೋನನ್ನು ಕೊಲ್ಲುತ್ತಾನೆ, ಆಮೇಲೆ ನೋಡಿದರೆ ಕೊಲೆ ಮಾಡಿದ್ದು ಅವನ ಸಹಾಯಕ. ಹ್ಯಾರಿಯ ನಿಯಮದಲ್ಲಿ ಮೇಲ್ಮನವಿಗೆ ಜಾಗವೇ ಇಲ್ಲ. ಫ್ಯಾರೋ ಯಾವ ಹೈಕೋರ್ಟಿಗೆ ಹೋಗಬೇಕು?

ಅದೇ ಸೀಸನ್‌ನ ‘ಟ್ರಿನಿಟಿ’ ಕೊಲೆಗಾರ ಆರ್ಥರ್ ಮಿಚೆಲ್‌ನ ಕಥೆ ಇನ್ನೂ ಕೆಟ್ಟದ್ದು. ಪೊಲೀಸರಿಗೆ ಸುಳಿವು ಕೊಟ್ಟಿದ್ದರೆ ಅವನು ಒಳಗಿರುತ್ತಿದ್ದ, ಡೆಕ್ಸ್ಟರ್‌ನ ಹೆಂಡತಿ ರೀಟಾ ಬದುಕಿರುತ್ತಿದ್ದಳು. ‘ಇವನು ನನಗೇ ಬೇಕು’ ಅಂತ ಡೆಕ್ಸ್ಟರ್ ಬಚ್ಚಿಟ್ಟ. ಸ್ನಾನದ ತೊಟ್ಟಿಯಲ್ಲಿ ಹೆಂಡತಿಯ ಹೆಣ, ನೆಲದ ಮೇಲೆ ರಕ್ತದಲ್ಲಿ ಕೂತು ಅಳುವ ಹ್ಯಾರಿಸನ್. ಜಾನ್ ಲಿತ್‌ಗೋ ಅದ್ಭುತವಾಗಿ ಮಾಡಿದ್ದಾರೆ, ಅದು ಬೇರೆ ಮಾತು. ಆದರೆ ಆ ಮಗುವನ್ನು ರಕ್ತದಲ್ಲಿ ಕೂರಿಸಿದ್ದು ಯಾರು? ನನ್ನ ಲೆಕ್ಕದಲ್ಲಿ ಎರಡನೇ ಆರೋಪಿ ಡೆಕ್ಸ್ಟರ್, ಮೂರನೆಯವನು ಹ್ಯಾರಿ.

ಲ್ಯಾಬ್ ಅಕ್ಕ, ಸಾಗರ

ರಾಯರೇ, ನೀವು ಹೇಳಿದ ಮೇಲೆ ನನಗೆ ರೀಟಾ ನೆನಪಾಗಿ ಹೊಟ್ಟೆ ತೊಳಸಿತು. ಆದರೂ ನನ್ನ ಬ್ರಯನ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ!

ಮಂಡಿ ಗುಮಾಸ್ತ, ತೀರ್ಥಹಳ್ಳಿ

ಅಕ್ಕಾ, ಕೊಡುತ್ತೇನೆ. ಬ್ರಯನ್ ಡೆಕ್ಸ್ಟರ್‌ಗಿಂತ ದೊಡ್ಡವನು. ಅವನಿಗೆ ಕಂಟೇನರ್ ಒಳಗಿನದ್ದೆಲ್ಲ ನೆನಪಿತ್ತು. ಅಮ್ಮ ಸತ್ತಳು, ಇದ್ದ ಒಬ್ಬ ತಮ್ಮನನ್ನೂ ಕಿತ್ತುಕೊಂಡರು, ಅವನನ್ನು ಮಾನಸಿಕ ಆಸ್ಪತ್ರೆಗೆ ಹಾಕಿದರು. ಅವನಿಗೆ ಹ್ಯಾರಿ ಸಿಗಲಿಲ್ಲ ಅನ್ನುವುದು ನಿಜ, ಆದರೆ ಬೇರೆ ಯಾರೂ ಸಿಗಲಿಲ್ಲ. ನಾನು ಕೇಳಿದ್ದು ಹ್ಯಾರಿಯ ಬದಲು ಒಳ್ಳೆಯ ಮನೆ ಸಿಕ್ಕಿದ್ದರೆ ಅಂತ. ಅದರ ಪರೀಕ್ಷೆ ಈ ಕಥೆಯಲ್ಲಿ ಯಾವ ಹುಡುಗನ ಮೇಲೂ ನಡೆದಿಲ್ಲ. ಎಂಟನೇ ಸೀಸನ್‌ನಲ್ಲಿ ಡಾಕ್ಟರ್ ವೋಗೆಲ್ ಬಂದು ‘ಆ ನಿಯಮ ಮಾಡಲು ನಾನೇ ಸಹಾಯ ಮಾಡಿದ್ದು’ ಅಂದಾಗ ನನಗೆ ಮೈ ಉರಿಯಿತು. ಮನೋವೈದ್ಯೆ! ಹುಡುಗನಿಗೆ ಚಿಕಿತ್ಸೆ ಕೊಡಬೇಕಾದವಳು ಕೊಲ್ಲುವ ಪಠ್ಯ ಬರೆದುಕೊಟ್ಟಿದ್ದಾಳೆ. ಇಷ್ಟಾದರೂ ಹ್ಯಾರಿಗೆ ಬೇರೆ ದಾರಿ ಇರಲಿಲ್ಲ ಅಂದರೆ ಹೇಗೆ ಒಪ್ಪಲಿ?

ಹ್ಯಾರಿಸನ್ ವಿಷಯ ಇನ್ನೂ ಮಜಾ ಇದೆ. ಅವನನ್ನು ಡೆಕ್ಸ್ಟರ್‌ನ ಪ್ರೇಯಸಿ ಹ್ಯಾನಾ ಅರ್ಜೆಂಟೀನಾದಲ್ಲಿ ಬೆಳೆಸಿದಳು. ಅವಳೂ ವಿಷ ಹಾಕಿದವಳೇ, ಆದರೆ ಮಗುವಿಗೆ ನಿಯಮ ಕಲಿಸಲಿಲ್ಲ. ಅವಳು ಕ್ಯಾನ್ಸರ್‌ನಲ್ಲಿ ಸತ್ತ ಮೇಲೆ ಅಪ್ಪನನ್ನು ಹುಡುಕಿ ಬಂದ, ಬ್ಯಾಗಿನಲ್ಲಿ ಕ್ಷೌರದ ಕತ್ತಿ. ನಿಯಮ ಕೇಳಿ ಖುಷಿಪಟ್ಟ. ಅಪ್ಪ ಆ ನಿಯಮವನ್ನೇ ಮುರಿದು ನಿರಪರಾಧಿ ಪೊಲೀಸ್ ಲೋಗನ್‌ನನ್ನು ಕೊಂದಾಗ ಎದೆಗೇ ಗುಂಡು ಹಾರಿಸಿದ. ನಿಯಮವನ್ನು ನಂಬಿದವನು ಇಡೀ ಕಥೆಯಲ್ಲಿ ಅವನೊಬ್ಬನೇ! ಕಲಿಸಿದ ಅಪ್ಪಂದಿರಿಬ್ಬರಿಗೂ ಅದು ಅನುಕೂಲಕ್ಕೆ ಮಾತ್ರ.

‘ರಿಸರೆಕ್ಷನ್’ನಲ್ಲಿ ಗುಂಡು ತಿಂದ ಅಪ್ಪ ಕೋಮಾದಿಂದ ಎದ್ದು ನ್ಯೂಯಾರ್ಕಿಗೆ ಬಂದ, ಮಗ ಹೋಟೆಲಿನಲ್ಲಿ ಹುಡುಗಿಯ ಮೇಲೆ ಕೈ ಹಾಕಿದವನನ್ನು ಆಗಲೇ ಕೊಂದು ಕೂತಿದ್ದ. ಅಪ್ಪನ ಹಳೇ ಗೆಳೆಯ ಬಟಿಸ್ಟಾ ಸತ್ತ. ಕೊಂದಿದ್ದು ಆ ಸೀಸನ್‌ನ ವಿಲನ್ ಪ್ರೇಟರ್, ಸರಿ. ಆದರೆ ಬಟಿಸ್ಟಾ ಅಲ್ಲಿಗೆ ಬಂದದ್ದು ಡೆಕ್ಸ್ಟರ್‌ನ ಬೆನ್ನು ಹತ್ತಿ. ಕ್ಲಾರ್ಕ್ ಸರ್ ಲೆಕ್ಕದಲ್ಲಿ ಇದೂ ಎರಡನೇ ಆರೋಪಿಯ ಖಾತೆಗೇ ಹೋಗಬೇಕು.

ಹಾಗಾಗಿ ನನ್ನ ಊಹೆ ಇದು. ಮುಂದಿನ ಸೀಸನ್‌ನಲ್ಲಿ ಎಲ್ಲರೂ ‘ನ್ಯೂಯಾರ್ಕ್ ರಿಪ್ಪರ್’ ಅನ್ನುವ ಕೊಲೆಗಾರ ಯಾರು ಏನು ಅಂತ ಕಾಯುತ್ತಿದ್ದಾರೆ. ನಾನು ಕಾಯುತ್ತಿರುವುದು ಹ್ಯಾರಿಸನ್ ಒಬ್ಬ ಕೊಲೆಗಾರನನ್ನು ಸುಮ್ನೆ ಪೊಲೀಸರಿಗೆ ಹಿಡಿದುಕೊಡುವ ದೃಶ್ಯಕ್ಕೆ. ನಮ್ಮಮ್ಮ ಹೇಳಿದ ಆ ಒಂದು ಫೋನು. ಅವನು ಅದನ್ನು ಮಾಡಿದರೆ ಡೆಕ್ಸ್ಟರ್‌ಗೆ ಅಡ್ಡ ಬರುವುದು ಮಗನೇ, ಬೇರೆ ವಿಲನ್ ಬೇಕಿಲ್ಲ.

ಗಾಜನೂರು ಕಡೆಯವ

ಫೋನ್ ಮಾಡಿದರೆ ಎರಡೇ ಕಂತಿಗೆ ಸೀಸನ್ ಮುಗಿಯುತ್ತೆ ಮಾರಾಯ, ಚಾನೆಲ್‌ನವರು ಬಿಡುತ್ತಾರಾ?

ನಿವೃತ್ತ ಬೆಂಚ್ ಕ್ಲಾರ್ಕ್, ಶಿವಮೊಗ್ಗ

ಎರಡು ಕಂತಿಗೆ ಮುಗಿಯುವುದಿಲ್ಲ. ಫೋನ್ ಮಾಡಿದ ಹುಡುಗ ಸಾಕ್ಷಿ ಹೇಳಲು ಬರಬೇಕು, ಅವನ ಮೇಲೇ ಹೋಟೆಲಿನ ಕೊಲೆ ಇದೆ. ಡಿಫೆನ್ಸ್ ವಕೀಲರು ಪಾಟಿ ಸವಾಲಿನಲ್ಲಿ ಅವನನ್ನು ಹಿಂಡಿ ಹಾಕುತ್ತಾರೆ. ಅದನ್ನು ತೋರಿಸಲಿ, ನಾನು ಹತ್ತು ಕಂತೂ ಕೂತು ನೋಡುತ್ತೇನೆ.