ಬ್ಲ್ಯಾಕ್‌ಕರಂಟ್ ಪೊದೆ: ಯಾವ ರೆಂಬೆ ತೆಗೀಬೇಕು?

ಹಿತ್ತಿಲ ಗಿಡ:
ಪೊದೆ ಎದೆಮಟ್ಟ ಬೆಳೆದಿದೆ, ಎಲೆಗೇನೂ ಕಮ್ಮಿ ಇರಲಿಲ್ಲ. ಹಣ್ಣು ಮಾತ್ರ ಹೊರಮೈಯಲ್ಲಿ ನಾಲ್ಕೇ ಗೊಂಚಲು. ನಡುವೆ ಕೈ ಹಾಕಿದರೆ ಬರೀ ಕಪ್ಪು ಕಡ್ಡಿ. ಈಗ ಎಲೆಯೆಲ್ಲ ಉದುರಿದೆ, ಸವರೋಣ ಅಂತಿದ್ದೇನೆ. ತುದಿ ಕತ್ತರಿಸಿದರೆ ಸಾಕಾ, ಬುಡದಿಂದಲೇ ತೆಗೀಬೇಕಾ?

ಸಿಕೇಚರ್:
ತುದಿಗೆ ಕೈ ಹಚ್ಚಬೇಡಿ ಮಾರಾಯ್ರೆ! ಇದು ಚೆನ್ನಾಗಿ ಕಾಯಿ ಕಚ್ಚೋದು ಹಿಂದಿನ ವರ್ಷ ಬೆಳೆದ ರೆಂಬೆ ಮೇಲೆ. ತುದಿ ಹೋದರೆ ಮುಂದಿನ ಫಸಲೂ ಹೋಯ್ತು. ಕೆಂಪು ಕರಂಟ್ ಹಾಗಲ್ಲ, ಅದು ಹಳೇ ರೆಂಬೆಯಲ್ಲೇ ಕಾಯಿ ಬಿಡುತ್ತೆ. ಅದಕ್ಕೆ ಹೇಳಿದ್ದನ್ನ ಇದಕ್ಕೂ ಮಾಡೋರೇ ಜಾಸ್ತಿ.

ಮುದಿ ರೆಂಬೆ ಕಪ್ಪಗೆ, ಒರಟಾಗಿರುತ್ತೆ. ಎಳೇದು ತಿಳಿ ಕಂದು, ನುಣುಪು. ಮುದಿಯದನ್ನ ನೆಲಮಟ್ಟಕ್ಕೆ ತೆಗೀರಿ, ಆದರೆ ಒಂದು ಸಲಕ್ಕೆ ಪೊದೆಯ ಮೂರನೇ ಒಂದು ಪಾಲು ಮೀರಬೇಡಿ. ಮುದಿ ರೆಂಬೆಯ ಬುಡದ ಹತ್ತಿರ ಗಟ್ಟಿಯಾದ ಹೊಸ ಕವಲಿದ್ದರೆ, ಅದನ್ನ ಉಳಿಸಿ ಅದರ ಮೇಲಿನದ್ದು ಮಾತ್ರ ಕತ್ತರಿಸಿ. ಆಮೇಲೆ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಿ, ಸಾರಜನಕ ಎಷ್ಟಿದ್ದರೂ ಬೇಕು ಇದಕ್ಕೆ. ಬೇರು ಮೇಲಮೇಲೇ ಇರುತ್ತೆ, ಗುದ್ದಲಿ ಆಡಿಸಬೇಡಿ.

ತೋಟದ ಮೂಲೆ:
ಹೂ ಬಿಟ್ಟಾಗ ಹಿಮ ಬಿದ್ದಿತ್ತಾ? ಹಾಗಿದ್ದರೂ ಕಾಯಿ ನಿಲ್ಲಲ್ಲ.

ಸಿಕೇಚರ್:
ಅದೂ ಹೌದು. ಇನ್ನೊಂದು, ಕತ್ತರಿ ಹಿಡಿಯೋ ಮೊದಲು ಮೊಗ್ಗು ನೋಡಿ. ಆರೋಗ್ಯವಾಗಿರೋದು ಸಣ್ಣಗೆ, ಚೂಪಾಗಿರುತ್ತೆ. ಬಟಾಣಿ ಹಾಗೆ ಉಬ್ಬಿ ದುಂಡಗಿದ್ದರೆ ಒಳಗೆ ನುಸಿ ಅಂತಲೇ ಲೆಕ್ಕ. ಬರಿಗಣ್ಣಿಗೆ ಕಾಣಲ್ಲ.

ಹಿತ್ತಿಲ ಗಿಡ:
ಈಗಷ್ಟೇ ನೋಡಿ ಬಂದೆ. ಹಿಮದ ನೆನಪಿಲ್ಲ. ಒಂದು ರೆಂಬೆಯಲ್ಲಿ ಉಬ್ಬಿದ ಮೊಗ್ಗು ಎರಡು ಮೂರು ಇವೆ, ಚಿವುಟಿದರೆ ಪೊಳ್ಳು. ಉಳಿದವು ಚೂಪಾಗೇ ಇವೆ. ಕತ್ತರಿಸಿದ ಎಳೇ ಕಡ್ಡಿಗಳನ್ನ ನೆಟ್ಟು ಹೊಸ ಗಿಡ ಮಾಡಬಹುದಾ ಸರ್?

ಸಿಕೇಚರ್:
ಬೇರೆ ಪೊದೆಯದ್ದಾದರೆ ಬೆರಳಷ್ಟಲ್ಲ, ಗೇಣುದ್ದದ ಕಡ್ಡಿ ನೆಡಿ, ಸಲೀಸಾಗಿ ಬೇರು ಬಿಡುತ್ತೆ. ಇದರದ್ದು ಬೇಡವೇ ಬೇಡ. ಆ ನುಸಿ ರಿವರ್ಷನ್ ಅನ್ನೋ ವೈರಸ್ ಹೊತ್ತು ತರುತ್ತೆ, ಅದಕ್ಕೆ ಮದ್ದಿಲ್ಲ. ಆ ರೆಂಬೆಯನ್ನ ಬುಡಸಮೇತ ಕತ್ತರಿಸಿ ಸುಟ್ಟುಬಿಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಬರೋ ಚಳಿಗಾಲಕ್ಕೆ ಪೊದೆ ತುಂಬ ಉಬ್ಬಿದ ಮೊಗ್ಗೇ ಕಂಡರೆ ಮುಲಾಜಿಲ್ಲದೆ ಕಿತ್ತುಹಾಕಿ. ಬೆನ್ ಹೋಪ್ ತಳಿಗೆ ಈ ನುಸಿ ತಡೆಯೋ ಶಕ್ತಿ ಇದೆ. ತಂದರೆ ನರ್ಸರಿಯ ಮಣ್ಣಿನ ಗುರುತಿಗಿಂತ 5 ಸೆಂ.ಮೀ. ಆಳಕ್ಕೆ ನೆಡಿ, ಬುಡದಿಂದ ಹೊಸ ರೆಂಬೆ ಏಳೋದೇ ಹಾಗೆ.