ಲ್ಯಾಪ್‌ಟಾಪ್ ಆನ್ ಆಗುವಷ್ಟರಲ್ಲಿ ಕುಚ್ಚಲಕ್ಕಿ ಬೇಯ್ತದೆ, ಎಸ್ಎಸ್‌ಡಿ ಹಾಕುದಾ ಹೊಸದೇ ತೆಗೊಳ್ಳುದಾ?

ಆಟದ_ಮರ್ಲ (ಉಡುಪಿ):
2017ರಲ್ಲಿ ತೆಗೊಂಡದ್ದು ಮಾರಾಯ್ರೆ, ಐ5 ಏಳನೇ ಜನರೇಷನ್, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಬೆಳಿಗ್ಗೆ ಬಟನ್ ಒತ್ತಿ ಸ್ನಾನ ಮಾಡಿ ಬಂದ್ರೂ ಆ ಉರುಟು ತಿರುಗ್ತಾನೇ ಇರ್ತದೆ, ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರಲ್ಲಿ ಒಂದು ಅರ್ಜಿ ಟೈಪ್ ಮಾಡುವ ಅಂತ ಕೂತ್ರೆ ಅಕ್ಷರ ನಾನು ಒತ್ತಿ ಆದ್ಮೇಲೆ ಯೋಚನೆ ಮಾಡಿ ಬರುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 10 ಪರ್ಸೆಂಟೂ ಇಲ್ಲ, ಡಿಸ್ಕ್ ಮಾತ್ರ 100ರಲ್ಲೇ ಉಂಟು. ಅಂಗಡಿಯವ್ರು ತೆರೆದೂ ನೋಡ್ಲಿಲ್ಲ, ಹೊಸದು ತೆಗೊಳ್ಳಿ ಅಂದ್ರು. ಅದ್ರಲ್ಲಿ ಏಳೆಂಟು ವರ್ಷದ ಯಕ್ಷಗಾನ ಆಟದ ರೆಕಾರ್ಡಿಂಗ್ ಉಂಟು, 600 ಜಿಬಿ ಹತ್ರ, ರಾತ್ರಿಯಿಡೀ ನಿದ್ದೆಗೆಟ್ಟು ಮಾಡಿದ್ದು. ಎಂತ ಮಾಡುದು?

ಬಂಗುಡೆ_ಪುಳಿಮುಂಚಿ (ಮಂಗಳೂರು):
ಎಸ್ಎಸ್‌ಡಿ (ಚಿಪ್ಪಲ್ಲಿ ಫೈಲ್ ಇಡುವ ಡ್ರೈವ್) ಹಾಕಿ, ಎಂತ ಯೋಚನೆ? ನಿಮ್ಮ ಹಾರ್ಡ್ ಡಿಸ್ಕ್ 5400 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಂಥದ್ದು ಇರ್ಬೇಕು, ಒಂದು ದೊಡ್ಡ ವಿಡಿಯೋ ಓದ್ಲಿಕ್ಕೆ ಅದು ಸೆಕೆಂಡಿಗೆ 100 ಎಂಬಿ ಹತ್ರ ಬರ್ತದೆ, ಆದ್ರೆ ವಿಂಡೋಸ್ ಏಳುವಾಗ ಸಾವಿರಾರು ಚಿಲ್ಲರೆ ಫೈಲು ಹುಡುಕ್ಬೇಕಲ್ಲ, ತಟ್ಟೆ ಓದುವ ಹೆಡ್ ಅಲ್ಲಿಂದಿಲ್ಲಿಗೆ ಓಡಾಡಿ ಸುಸ್ತಾಗಿ 1 ಎಂಬಿಗೂ ಇಳಿತದೆ. ಎಸ್ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ, ಹಾಗಾಗಿ ಈ ಓಡಾಟವೂ ಇಲ್ಲ. ರ್‍ಯಾಮೂ 8 ಮಾಡಿ, 4 ಜಿಬಿ ತುಂಬಿದ್ರೆ ವಿಂಡೋಸ್ ಮತ್ತೆ ಡಿಸ್ಕನ್ನೇ ಕೆರೆಯುದು. ಹಳೇ ಡಿಸ್ಕನ್ನು ಡಿವಿಡಿ ಡ್ರೈವ್ ಜಾಗಕ್ಕೆ ಕ್ಯಾಡಿ ಅಂತ ಒಂದು ಫ್ರೇಮಲ್ಲಿ ಹಾಕ್ಬಹುದು, 9.5 ಎಂಎಂ ಮತ್ತೆ 12.7 ಅಂತ ಎರಡು ಸೈಜ್ ಉಂಟು, ಅಳೆದು ತೆಗೊಳ್ಳಿ. ನಾನು ಅಳೆಯದೆ ತಂದು ಹಂಪನಕಟ್ಟೆಗೆ ಎರಡು ಸರ್ತಿ ಬಸ್ಸಲ್ಲಿ ಹೋದೆ.

ಕಲ್ಸಂಕ_ಕೇಬಲ್:
ಸ್ವಲ್ಪ ನಿಲ್ಲಿ. ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿ, ಡಿಸ್ಕಿನ ಆರೋಗ್ಯ ತೋರಿಸುವ ಸಾಫ್ಟ್‌ವೇರ್, ಫ್ರೀ. ನೀಲಿ ಬಂದ್ರೆ ಸರಿ, ಹಳದಿ ಬಂದ್ರೆ ರಿಅಲೊಕೇಟೆಡ್ ಸೆಕ್ಟರ್ (ಹಾಳಾಗಿ ಬದಲಿ ಕೊಟ್ಟ ಜಾಗ), ಪೆಂಡಿಂಗ್ ಸೆಕ್ಟರ್ (ಓದ್ಲಿಕ್ಕೆ ಆಗದೆ ಸಂಶಯದಲ್ಲಿರುವ ಜಾಗ) ಎಷ್ಟು ಅಂತ ಹೇಳಿ. ಬ್ಯಾಟರಿ ಸತ್ತಿದ್ಯಾ? ಮಳೆಗಾಲದಲ್ಲಿ ಕರೆಂಟ್ ಹೋದಾಗೆಲ್ಲ ಧಪ್ಪಂತ ಆಫ್ ಆಗುದು ಡಿಸ್ಕಿಗೆ ಒಳ್ಳೇದಲ್ಲ.

ಆಟದ_ಮರ್ಲ:
ಬ್ಯಾಟರಿ ಸತ್ತು ಎರಡು ವರ್ಷ ಆಯ್ತು 😅 ಹಳದಿ. ಪೆಂಡಿಂಗ್ ಎದುರು 38. ಕೆಲವು ಸರ್ತಿ ಟಿಕ್ ಟಿಕ್ ಸೌಂಡೂ ಬರ್ತದೆ, ನಾನು ಫ್ಯಾನ್ ಅಂತ ಮಾಡಿದ್ದೆ.

ಕಲ್ಸಂಕ_ಕೇಬಲ್:
ಹಾಗಾದ್ರೆ ಡಿಸ್ಕ್ ಹಾಳಾಗ್ತಾ ಉಂಟು. ಕ್ಲೋನ್ (ಇಡೀ ಡಿಸ್ಕಿನ ನಕಲು) ಮಾಡ್ಬೇಡಿ, ಡಿಫ್ರಾಗ್ (ಫೈಲುಗಳನ್ನು ಮತ್ತೆ ಜೋಡಿಸುದು) ಅಂತೂ ಮುಟ್ಲೇಬೇಡಿ. ಇವತ್ತೇ ಎಕ್ಸ್‌ಟರ್ನಲ್ ಡಿಸ್ಕ್ ತಂದು ರೆಕಾರ್ಡಿಂಗ್ ಮಾತ್ರ ಕಾಪಿ ಮಾಡಿ, ಒಂದೊಂದೇ ಫೋಲ್ಡರ್, ಮತ್ತೆ ಸಿಗದ್ದು ಮೊದಲು, ಸಿನಿಮಾ ಗಿನಿಮಾ ಕೊನೆಗೆ. ಒಂದು ಫೈಲಲ್ಲಿ ಸಿಕ್ಕಿಬಿದ್ರೆ ಬಿಟ್ಟು ಮುಂದೆ ಹೋಗಿ. ಎಸ್ಎಸ್‌ಡಿಗೆ ವಿಂಡೋಸ್ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಕ್ಯಾಡಿ ಗೀಡಿ ಬೇಡ, ಆ ಡಿಸ್ಕನ್ನು ಇನ್ನು ನಂಬುವ ಹಾಗಿಲ್ಲ. ಮತ್ತೊಂದು, ಏಳನೇ ಜನರೇಷನ್ ಐ5ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, 10ರ ಮಾಮೂಲಿ ಸಪೋರ್ಟ್ 2025 ಅಕ್ಟೋಬರ್ 14ಕ್ಕೆ ಮುಗಿದಿದೆ. ನುಡಿ ಬೇಕಂತ ವಿಂಡೋಸಲ್ಲೇ ಇರುದಾದ್ರೆ ಅದನ್ನೂ ಲೆಕ್ಕ ಹಾಕಿ ಖರ್ಚು ಮಾಡಿ.

ಬಂಗುಡೆ_ಪುಳಿಮುಂಚಿ:
ಹೌದು, ಕ್ಯಾಡಿ ಮಾತು ವಾಪಸ್ 🙏

ಆಟದ_ಮರ್ಲ:
ಎಕ್ಸ್‌ಟರ್ನಲ್ ತಂದೆ. ನಿನ್ನೆ ರಾತ್ರಿ ಹಾಕಿದ್ದು ಈಗ 410 ಜಿಬಿ ಆಯ್ತು, ಮೂರು ಫೈಲ್ ಹೋಯ್ತು, ಅದ್ರಲ್ಲಿ ಒಂದು ನನ್ನ ಭಾವನ ಮದುವೆದು. ಅಕ್ಕನಿಗೆ ಇನ್ನೂ ಹೇಳ್ಲಿಲ್ಲ.