ಹವ್ಯಾಸಕ್ಕೆ ಫೋಟೋ ತೆಗೆಯುವವರ ಹತ್ತಿರ ಎರಡು ಮೂರು ಕ್ಯಾಮರಾ ಯಾಕಿರುತ್ತೆ?

ಹಾಸನದ ಹೊಸಬ:

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಫೋಟೋ ತೆಗೆಯುತ್ತಿದ್ದೇನೆ. ನನ್ನದು ನಿಕಾನ್ ಡಿ5600, ಜೊತೆಗೆ ಅಗಲ ನೋಟಕ್ಕೆ 18-55 ಲೆನ್ಸ್ ಮತ್ತು ದೂರದ್ದಕ್ಕೆ 70-300 ಲೆನ್ಸ್, ಇಷ್ಟೇ. ಹೋದ ತಿಂಗಳು ರಂಗನತಿಟ್ಟಿಗೆ ಹೋಗಿದ್ದೆ. ದೋಣಿಯಲ್ಲಿ ನನ್ನ ಜೊತೆ ಇನ್ನೂ ನಾಲ್ವರಿದ್ದರು. ಯಾರೂ ಸ್ಟುಡಿಯೋದವರಲ್ಲ, ಒಬ್ಬರು ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಇನ್ನೊಬ್ಬರು ಹೈಸ್ಕೂಲ್ ಮೇಷ್ಟ್ರು. ಆದರೆ ಮೂವರ ಹೆಗಲಲ್ಲಿ ಎರಡೆರಡು ಕ್ಯಾಮರಾ ಇತ್ತು.

ಮರದ ತುಂಬ ಕೂತಿದ್ದ ಹಕ್ಕಿಗಳನ್ನೆಲ್ಲ ಒಂದೇ ಫೋಟೋದಲ್ಲಿ ತರೋಣ ಅಂತ ನಾನು 18-55 ಹಾಕಿಕೊಂಡಿದ್ದೆ. ಮುಗಿಸಿ 70-300 ಹಾಕಲು ಲೆನ್ಸ್ ಬಿಚ್ಚಿದ್ದೇ ತಡ, ಒಂದು ಬಣ್ಣದ ಕೊಕ್ಕರೆ ಬಾಯಲ್ಲಿ ಕಡ್ಡಿ ಹಿಡಿದು ನಮ್ಮ ತಲೆ ಮೇಲೇ ಹಾರಿ ಗೂಡಿಗಿಳಿಯಿತು. ಅವರೆಲ್ಲ ಫೋಟೋ ಹೊಡೆದುಕೊಂಡರು. ನನ್ನ ಒಂದು ಕೈಯಲ್ಲಿ ಬಾಡಿ (ಲೆನ್ಸ್ ಇಲ್ಲದ ಕ್ಯಾಮರಾ), ಇನ್ನೊಂದು ಕೈಯಲ್ಲಿ ಲೆನ್ಸ್. ಮನೆಗೆ ಬಂದ ಮೇಲೂ ಅದೇ ಕಣ್ಣ ಮುಂದೆ.

ನನ್ನ ಪ್ರಶ್ನೆ ಇಷ್ಟೇ. ಎರಡನೇ ಬಾಡಿ ನಿಜವಾಗಿ ಬೇಕಾ, ಅಥವಾ ಆಸೆಗೆ ತಗೊಳ್ಳುವುದಾ? ನನ್ನ ಹತ್ತಿರ 40 ಸಾವಿರ ಕೂಡಿಟ್ಟಿದ್ದು ಇದೆ. ಇನ್ನೊಂದು ಬಾಡಿ ಕೊಳ್ಳಲಾ, ಒಳ್ಳೆ ಲೆನ್ಸ್ ಕೊಳ್ಳಲಾ? ಅನುಭವ ಇದ್ದವರು ಹೇಳಿ.

ಕಾವೇರಿ ದಂಡೆ:

ಹೊಸಬರೇ, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಜನ ಎರಡು ಕ್ಯಾಮರಾ ಇಟ್ಟುಕೊಳ್ಳುವುದು ಎರಡು ಲೆನ್ಸ್ ಒಟ್ಟಿಗೆ ಸಿದ್ಧವಾಗಿರಲಿ ಅಂತ. ಬಾಡಿ ಅನ್ನುವುದು ಅಲ್ಲಿ ಲೆನ್ಸಿನ ಹಿಂದಿನ ಮುಚ್ಚಳ ಇದ್ದ ಹಾಗೆ ಅಂತ ತಿಳಿದುಕೊಳ್ಳಿ.

ನಾನು ಮೈಸೂರಿನವನು, ರಂಗನತಿಟ್ಟು ಮನೆಯಂಗಳ ಇದ್ದ ಹಾಗೆ. ನಿಕಾನ್ ಡಿ500 ಕ್ಯಾಮರಾಗೆ 200-500 ಲೆನ್ಸ್ ಹಾಕಿರುತ್ತೇನೆ. ಮೇಲೆ ಹಾರುವ ಹಕ್ಕಿಗೆ, ದೂರದ ಬಂಡೆಯ ಮೇಲಿನ ಮೊಸಳೆಗೆ ಅದು ಬಹಳ ಚೆನ್ನ. ಆದರೆ ದೋಣಿ ಬಿದಿರು ಮೆಳೆಯ ಹತ್ತಿರ ಹೋದಾಗ ಕೊಕ್ಕರೆ ಎಷ್ಟು ಸಮೀಪ ಸಿಗುತ್ತದೆ ಅಂದರೆ 200ಕ್ಕೆ ಇಳಿಸಿದರೂ ಕತ್ತು ಮತ್ತು ಕೊಕ್ಕು ಮಾತ್ರ ಫ್ರೇಮಿನಲ್ಲಿ ಹಿಡಿಸುತ್ತದೆ. ಆಗ ಎತ್ತಿಕೊಳ್ಳುವುದು ಹಳೇ ಡಿ7000, ಅದಕ್ಕೆ 18-140 ಕಾಯಂ ಆಗಿ ಕೂತಿದೆ. ಅಲುಗಾಡುವ ದೋಣಿಯಲ್ಲಿ ಎರಡೂ ಕಾಲು ಚಾಚಿ ಕೂತು ಎರಡೂವರೆ ಕಿಲೋ ಹತ್ತಿರ ತೂಗುವ ಲೆನ್ಸ್ ಬಿಚ್ಚಿ ಇನ್ನೊಂದು ಹಾಕುವುದು ಯಾರಿಗೂ ಬೇಡ. ಕೆಳಗೆ ನೀರು, ಅಲ್ವಾ.

ಇನ್ನೊಂದು ಮಾತು ನೆನಪಿಡಿ. ಆ ಡಿ7000 ನಾನು ಎರಡನೇದು ಬೇಕು ಅಂತ ಕೊಂಡಿದ್ದಲ್ಲ. ಅದೇ ನನ್ನ ಮೊದಲನೇದು. ಡಿ500 ತಂದಾಗ ಅದನ್ನು ಮಾರಲು ಹೋದೆ, ಕೊಡುತ್ತೇವೆ ಅಂದ ದುಡ್ಡಿಗೆ ಒಂದು ಒಳ್ಳೆ ಕ್ಯಾಮರಾ ಬ್ಯಾಗು ಬರುತ್ತಿತ್ತು, ಅಷ್ಟೇ. ಲೆನ್ಸಿನ ಬೆಲೆ ನಿಧಾನ ಇಳಿಯುತ್ತದೆ, ಬಾಡಿಯ ಬೆಲೆ ಹೊಸ ಮಾಡೆಲ್ ಬಂದ ದಿನವೇ ಬೀಳುತ್ತದೆ. ಆದರೆ ಅದರ 16 ಮೆಗಾಪಿಕ್ಸೆಲ್ ಚಿತ್ರ 2010ರಲ್ಲಿ ಎಷ್ಟು ಚೆನ್ನಾಗಿತ್ತೋ ಇವತ್ತೂ ಅಷ್ಟೇ ಚೆನ್ನಾಗಿದೆ. ಹಾಗಾಗಿ ಮನೆಯಲ್ಲೇ ಉಳಿಯಿತು. ನೀವು ದೋಣಿಯಲ್ಲಿ ನೋಡಿದ ಎರಡನೇ ಕ್ಯಾಮರಾಗಳಲ್ಲಿ ಬಹುಪಾಲು ಹೀಗೇ ಉಳಿದುಕೊಂಡವು ಇರುತ್ತವೆ.

ಮತ್ತೆ ಧೂಳು. ಬೇಸಿಗೆಯಲ್ಲಿ ಕಬಿನಿ ಕಡೆ ಜೀಪಿನಲ್ಲಿ ಹೋಗಿ ಬನ್ನಿ, ಅಂಗಿ, ತಲೆ, ಬ್ಯಾಗು ಎಲ್ಲ ಕೆಂಪು. ಅಲ್ಲಿ ಲೆನ್ಸ್ ಬಿಚ್ಚಿದರೆ ಧೂಳು ನೇರ ಒಳಗೆ. ಲೆನ್ಸಿನ ಕಿಂಡಿ ಅಗಲ ತೆರೆದು ಎಫ್5.6ರಲ್ಲಿ ಹಕ್ಕಿ ತೆಗೆಯುವಾಗ ಅದು ಗೊತ್ತೇ ಆಗುವುದಿಲ್ಲ. ಮುಂದಿನ ವಾರ ಕಿಂಡಿ ಕಿರಿದು ಮಾಡಿ ಎಫ್16 ಇಟ್ಟು ಆಕಾಶ ತೆಗೆದಾಗ ಚುಕ್ಕೆ ಚುಕ್ಕೆ ಕಾಣುತ್ತದೆ.

ಚೌಕಿಮನೆ:

ನಾನು ಕುಂದಾಪುರದವಳು. ಹಕ್ಕಿಯ ವಿಷಯ ನನಗೆ ಅಷ್ಟಾಗಿ ಗೊತ್ತಿಲ್ಲ, ನಾನು ತೆಗೆಯುವುದು ಯಕ್ಷಗಾನ. ನವೆಂಬರ್‌ನಿಂದ ಮೇ ತನಕ ಮೇಳಗಳು ತಿರುಗಾಟದಲ್ಲಿರುತ್ತವೆ, ತಿಂಗಳಿಗೆ ಮೂರು ನಾಲ್ಕು ರಾತ್ರಿ ಹೋಗುತ್ತೇನೆ. ನನ್ನ ಹತ್ತಿರ ಎರಡು ಬಾಡಿ ಇದೆ, ಎರಡೂ ಬೇಕೇ ಬೇಕು.

ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕಲಾವಿದರು ಸಾಲಾಗಿ ಕೂತು, ಮುಂದೆ ಕನ್ನಡಿ ಇಟ್ಟುಕೊಂಡು ಬಣ್ಣ ಬರೆದುಕೊಳ್ಳುತ್ತಾರೆ. ಜಾಗ ಇಕ್ಕಟ್ಟು, ಬೆಳಕು ಕಡಿಮೆ. ಒಬ್ಬರು ಕಣ್ಣಿನ ರೇಖೆ ಎಳೆಯುತ್ತಿರುತ್ತಾರೆ, ಇನ್ನೊಬ್ಬರು ಉಸಿರು ಬಿಗಿಹಿಡಿದು ಕೇದಗೆ ಮುಂದಲೆ ಅನ್ನುವ ತಲೆಯ ಅಲಂಕಾರ ಕಟ್ಟಿಸಿಕೊಳ್ಳುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ ಡಿಎಸ್‌ಎಲ್‌ಆರ್ ಒಳಗಿನ ಕನ್ನಡಿ ಎದ್ದು ಬಿದ್ದು ಟಕ್ ಟಕ್ ಅಂದರೆ ನನಗೇ ಮುಜುಗರ ಆಗುತ್ತದೆ. ಅದಕ್ಕೆ ಒಳಗೆ ಕನ್ನಡಿ ಇಲ್ಲದ ಒಂದು ಸಣ್ಣ ಮಿರರ್‌ಲೆಸ್, ಮೇಲೆ 35 ಎಂಎಂ ಎಫ್1.8, ಸದ್ದು ಪೂರ್ತಿ ಬಂದ್. ರಂಗಸ್ಥಳಕ್ಕೆ ಹಳೇ ಡಿ750, ಅದಕ್ಕೆ 70-200.

ಇದರಲ್ಲಿ ಒಂದು ವಿಷಯ ನಾನು ಕಷ್ಟಪಟ್ಟು ಕಲಿತೆ, ಇಲ್ಲಿ ಹೇಳಿದರೆ ಯಾರಿಗಾದರೂ ಉಪಯೋಗ ಆಗಬಹುದು. ಮೊದಲು ರಂಗಸ್ಥಳದಲ್ಲೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದೆ. ಒಂದು ಇಡೀ ಪ್ರಸಂಗದ ಫೋಟೋಗಳಲ್ಲಿ ಅಡ್ಡಡ್ಡ ಪಟ್ಟೆ ಬಂತು. ನಮ್ಮ ಕರೆಂಟು 50 ಹರ್ಟ್ಜ್, ಆದ್ದರಿಂದ ಎಷ್ಟೋ ಎಲ್‌ಇಡಿ, ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಎಲೆಕ್ಟ್ರಾನಿಕ್ ಶಟರ್ ಚಿತ್ರ ಹಿಡಿಯುವ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ ಆ ಮಿನುಗು ಪಟ್ಟೆಯಾಗಿ ಬೀಳುತ್ತದೆ. ಶಟರ್ 1/100 ಸೆಕೆಂಡಿನಲ್ಲಿ ಇಟ್ಟರೆ ಸಾಮಾನ್ಯವಾಗಿ ಪಟ್ಟೆ ಹೋಗುತ್ತದೆ, ಚೌಕಿಯಲ್ಲಿ ಅದು ಸಾಕು ಕೂಡ. ಆದರೆ ದಿಗಿಣ (ಸುತ್ತುತ್ತಾ ಹಾರುವ ಕುಣಿತ) ಹೊಡೆಯುವ ವೇಷಕ್ಕೆ 1/100 ಎಲ್ಲಿ ಸಾಕು, 1/400 ಆದರೂ ಬೇಕು. ಅಲ್ಲಿ ಹಳೇ ಮೆಕ್ಯಾನಿಕಲ್ ಶಟರೇ ವಾಸಿ, ಚೆಂಡೆ ಸದ್ದಿನಲ್ಲಿ ಟಕ್ ಅಂದರೂ ಯಾರಿಗೂ ಕೇಳುವುದಿಲ್ಲ.

ಹಾಗಾಗಿ ನನ್ನ ಲೆಕ್ಕದಲ್ಲಿ ಎರಡು ಬಾಡಿ ಅಂದರೆ ಎರಡು ಬೇರೆ ಬೇರೆ ಕೆಲಸ. ಚೌಕಿಯಲ್ಲಿ ಕೂತಿರುವಾಗ ಹೊರಗೆ ಭಾಗವತರು ಪದ ಎತ್ತಿದರು ಅಂದರೆ ಎದ್ದು ಓಡಬೇಕು, ಆಗ ಬೆಳಕಿನ ಸೂಕ್ಷ್ಮತೆ ಹೇಳುವ ಐಎಸ್‌ಒ, ಶಟರ್ ಎಲ್ಲ ತಿರುಗಿಸುತ್ತಾ ನಿಂತರೆ ಒಡ್ಡೋಲಗ (ವೇಷಗಳು ರಂಗಕ್ಕೆ ಬರುವ ಕುಣಿತ) ಅರ್ಧ ಮುಗಿದಿರುತ್ತದೆ.

ಬೆಣ್ಣೆದೋಸೆ ಊರು:

ಚಿಕ್ಕದಾಗಿ ಹೇಳುತ್ತೇನೆ. ಚಿಕ್ಕಪ್ಪನ ಮಗಳ ಮದುವೆ, ನಾನೇ ಫೋಟೋ ತೆಗೆಯುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಧಾರೆಗೆ ಹತ್ತು ನಿಮಿಷ ಇರುವಾಗ ಶಟರ್ ಅರ್ಧಕ್ಕೆ ನಿಂತು ಪರದೆ ಮೇಲೆ ಎರರ್ ಬಂತು. ಬ್ಯಾಟರಿ ತೆಗೆದು ಹಾಕಿದೆ, ಏನೂ ಆಗಲಿಲ್ಲ. ಹುಡುಗನ ಕಡೆಯವರ ಕ್ಯಾಮರಾ ಕೇಳಿ ಇಸ್ಕೊಂಡು ಧಾರೆ, ಮಾಂಗಲ್ಯ ಮುಗಿಸಿದೆ. ಶಟರಿಗೂ ಆಯುಷ್ಯ ಇದೆ, ಬಹಳ ಬಾಡಿಗಳಿಗೆ ಒಂದರಿಂದ ಎರಡು ಲಕ್ಷ ಹೊಡೆತದ ಲೆಕ್ಕ ಹೇಳುತ್ತಾರೆ, ಕೆಲವು ಅದಕ್ಕಿಂತ ಜಾಸ್ತಿ ಬಾಳುತ್ತವೆ, ಕೆಲವು ಮೊದಲೇ ಹೋಗುತ್ತವೆ. ಹಕ್ಕಿ ನಾಳೆ ಮತ್ತೆ ಬರುತ್ತದೆ, ತಂಗಿಯ ಧಾರೆ ಮತ್ತೆ ಬರುವುದಿಲ್ಲ. ಅವತ್ತಿನಿಂದ ಮನೆಯ ಸಮಾರಂಭಕ್ಕೆ ಎರಡಿಲ್ಲದೆ ಹೋಗುವುದಿಲ್ಲ.

ಹಳೇ ರೋಲ್:

ಈ ರೂಢಿ ಡಿಜಿಟಲ್‌ಗಿಂತ ಹಳೆಯದು, ಅದನ್ನೂ ಹೇಳಬೇಕು ಅನ್ನಿಸಿತು. ನಾನು ಶುರು ಮಾಡಿದ್ದು ಫಿಲ್ಮ್ ಕಾಲದಲ್ಲಿ. ಊಟಿಯ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್‌ನ ಇಂದು ರೋಲ್ ಹಾಕಿಕೊಂಡು ಊರೂರು ತಿರುಗಿದವರಲ್ಲಿ ನಾನೂ ಒಬ್ಬ. ಆಗ ಕ್ಯಾಮರಾದಲ್ಲಿ ಯಾವ ರೋಲ್ ಇದೆಯೋ ಅದೇ ನಿಮ್ಮ ಐಎಸ್‌ಒ, ಅದೇ ನಿಮ್ಮ ಬಣ್ಣ. 36 ಮುಗಿಯುವ ತನಕ ಬೇರೆ ದಾರಿ ಇಲ್ಲ. ಬೆಳಿಗ್ಗೆ ಬಿಸಿಲಿಗೆ 100ರ ಕಲರ್ ಸ್ಲೈಡ್ ಹಾಕಿದ್ದರೆ ಸಂಜೆ ದೇವಸ್ಥಾನದ ಒಳಗೆ ಏನೂ ಬರುತ್ತಿರಲಿಲ್ಲ, ಅಲ್ಲಿಗೆ 400ರ ಕಪ್ಪು ಬಿಳುಪು ಬೇಕು. ಒಂದೇ ಕ್ಯಾಮರಾ ಇದ್ದವರು ಏನು ಮಾಡುತ್ತಿದ್ದೆವು ಅಂದರೆ, ಅರ್ಧ ಆದ ರೋಲನ್ನು ನಿಧಾನ ಹಿಂದಕ್ಕೆ ಸುತ್ತಿ, ತುದಿ ಮಾತ್ರ ಹೊರಗೆ ಉಳಿಸಿ, ಡಬ್ಬಿ ಮೇಲೆ 17 ಅಂತ ಬರೆದು ಇಡುವುದು. ಆಮೇಲೆ ಮತ್ತೆ ಹಾಕಿ, ಲೆನ್ಸಿಗೆ ಮುಚ್ಚಳ ಹಾಕಿ, 18 ಅಥವಾ 19 ಸಲ ಖಾಲಿ ಕ್ಲಿಕ್ ಮಾಡಿ ಮುಂದುವರಿಸುವುದು. ಕತ್ತಲಲ್ಲಿ ಎಣಿಕೆ ತಪ್ಪಿದರೆ ಒಂದರ ಮೇಲೆ ಒಂದು ಚಿತ್ರ. ಅನುಕೂಲ ಇದ್ದವರು ಎರಡು ಬಾಡಿ ಇಟ್ಟುಕೊಳ್ಳುತ್ತಿದ್ದರು, ಒಂದು ಕಲರಿಗೆ, ಒಂದು ಕಪ್ಪು ಬಿಳುಪಿಗೆ. ಈಗ ಐಎಸ್‌ಒ ಪ್ರತಿ ಫೋಟೋಗೂ ಬದಲಾಗುತ್ತದೆ, ಆ ಕಾರಣ ಹೋಯಿತು.

ಆದರೂ ನನ್ನ ಕಪಾಟಿನಲ್ಲಿ ಈಗ ಮೂರಿವೆ. ಒಂದರ ಬಗ್ಗೆ ಹೇಳುತ್ತೇನೆ. 2004ರ ಡಿ70, ಬರೀ 6 ಮೆಗಾಪಿಕ್ಸೆಲ್. ಅದರ ಸೆನ್ಸರ್ ಮುಂದಿನ ಫಿಲ್ಟರ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹೊಸ ಕ್ಯಾಮರಾಗಳಷ್ಟು ತಡೆಯುವುದಿಲ್ಲ. ಲೆನ್ಸ್ ಮುಂದೆ ಹೆಚ್ಚಾಗಿ ಆ ಬೆಳಕನ್ನೇ ಬಿಡುವ 720 ನ್ಯಾನೊಮೀಟರಿನ ಇನ್‌ಫ್ರಾರೆಡ್ ಫಿಲ್ಟರ್ ಹಾಕಿ ಟ್ರೈಪಾಡ್ ಮೇಲಿಟ್ಟು ಆನೆಗೊಂದಿ ಕಡೆ ಗದ್ದೆ ತೆಗೆದರೆ, ಹಸಿರು ಪೈರೆಲ್ಲ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ, ಆಕಾಶ ಕಪ್ಪಗೆ, ಹಿಂದೆ ಆ ಬಂಡೆಗಳು. ಹೊಸ ಕ್ಯಾಮರಾ ಎಷ್ಟು ಲಕ್ಷದ್ದಾದರೂ ಒಳಗೇನೂ ಬದಲಿಸದೆ ಬಳಸಿದರೆ ಆ ಚಿತ್ರ ಅಷ್ಟು ಸಲೀಸಾಗಿ ಬರುವುದಿಲ್ಲ. ಹೀಗಿರುವಾಗ ಅದನ್ನು ಹೇಗೆ ಕೊಡಲಿ ಹೇಳಿ.

ಒಂದೇ ಬ್ಯಾಗು:

ಎಲ್ಲರೂ ಬೇಕು ಅಂತಲೇ ಹೇಳುತ್ತಿದ್ದೀರಿ, ನಾನು ಬೇಡ ಅನ್ನುವವನು. ಎರಡಿಟ್ಟುಕೊಂಡು ಐದು ವರ್ಷ ನೋಡಿ, ಒಂದನ್ನು ಕೊಟ್ಟುಬಿಟ್ಟೆ.

ಮೊದಲನೆಯದು ಭಾರ. ನಾನು ಜಾಸ್ತಿ ಹೋಗುವುದು ಬೆಟ್ಟಕ್ಕೆ. ಕುಮಾರ ಪರ್ವತ ಹತ್ತುವಾಗ ಒಂದು ಲೀಟರ್ ನೀರು ಜಾಸ್ತಿ ಇದ್ದರೆ ಉಪಯೋಗ, ಎರಡನೇ ಬಾಡಿ ಇದ್ದರೆ ಬರೀ ಹೆಗಲು ನೋವು.

ಎರಡನೆಯದು ಕೈ ಅಭ್ಯಾಸ. ನನ್ನದು ಒಂದು ನಿಕಾನ್, ಒಂದು ಕ್ಯಾನನ್ ಇತ್ತು. ಲೆನ್ಸ್ ಹಾಕುವ ತಿರುವು ಒಂದರಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಇನ್ನೊಂದು ಕಡೆ. ಗುಂಡಿಗಳ ಜಾಗ ಬೇರೆ, ಚಾರ್ಜರ್ ಬೇರೆ, ಬ್ಯಾಟರಿ ಬೇರೆ. ಕಣ್ಣು ಫೈಂಡರ್‌ನಲ್ಲಿ ಇರುವಾಗ ಬೆರಳು ತಾನಾಗಿ ಹೋಗಬೇಕು, ಹುಡುಕಬಾರದು.

ಮೂರನೆಯದನ್ನು ಯಾರೂ ಹೇಳಲೇ ಇಲ್ಲ, ಗಡಿಯಾರ. ದುಬೈಗೆ ಹೋಗಿ ಬಂದಿದ್ದೆ, ಒಂದು ಕ್ಯಾಮರಾದ ಸಮಯ ಅಲ್ಲಿಯದಕ್ಕೇ ಇತ್ತು, ನಮಗಿಂತ ಒಂದೂವರೆ ಗಂಟೆ ಹಿಂದೆ. ಅಕ್ಕನ ಮಗುವಿನ ನಾಮಕರಣಕ್ಕೆ ಎರಡರಲ್ಲೂ ತೆಗೆದೆ. ಕಂಪ್ಯೂಟರಿಗೆ ಹಾಕಿ ಸಮಯದ ಪ್ರಕಾರ ಜೋಡಿಸಿದರೆ, ಊಟದ ಎಲೆ ಮುಂದೆ ಕೂತವರ ನಡುವೆ ತೊಟ್ಟಿಲು ತೂಗುವ ಫೋಟೋ. 600 ಚಿತ್ರ ಬೇರ್ಪಡಿಸಲು ಎರಡು ರಾತ್ರಿ ಹೋಯಿತು. ಎರಡು ಇಟ್ಟುಕೊಳ್ಳುವವರು ಹೊರಡುವ ಮೊದಲು ಎರಡರಲ್ಲೂ ಒಂದೇ ಗೋಡೆ ಗಡಿಯಾರದ ಫೋಟೋ ತೆಗೆದುಕೊಳ್ಳಿ, ಆಮೇಲೆ ವ್ಯತ್ಯಾಸ ಎಷ್ಟು ಅಂತ ಗೊತ್ತಾಗುತ್ತದೆ, ಒಟ್ಟಿಗೆ ಸರಿ ಮಾಡಬಹುದು.

ಮಳೆಗಾಲದ ಮಾತೂ ಇದೆ. ಮಲೆನಾಡಿನಲ್ಲಿ ಬಳಸದೆ ಇಟ್ಟ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಸಾಮಾನು ಜಾಸ್ತಿ ಆದಷ್ಟೂ ಬಳಸದೆ ಉಳಿಯುವುದು ಜಾಸ್ತಿ. ಸಿಲಿಕಾ ಜೆಲ್ ಹಾಕಿಟ್ಟರೂ ಆಗಾಗ ಒಣಗಿಸಬೇಕು.

ಹೊಸಬರೇ, ನಿಮ್ಮ 40 ಸಾವಿರದಲ್ಲಿ ಇನ್ನೊಂದು ಬಾಡಿ ಕೊಳ್ಳಬೇಡಿ.

ಕಾವೇರಿ ದಂಡೆ:

ಒಂದೇ ಬ್ಯಾಗು ಅವರ ಕೊನೆಯ ಸಾಲಿಗೆ ನನ್ನದೂ ಒಪ್ಪಿಗೆ ಇದೆ. ನಿಮ್ಮ ಡಿ5600ರಲ್ಲಿ 300 ಎಂಎಂ ಹಾಕಿದರೆ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮರಾದ 450ರಷ್ಟು ಹತ್ತಿರ ಕಾಣುತ್ತದೆ, ಹಕ್ಕಿಗೆ ಅದು ಒಳ್ಳೆಯದು. ಮುಂದೆ ಎಂದಾದರೂ 24 ಮೆಗಾಪಿಕ್ಸೆಲ್ಲಿನ ಫುಲ್ ಫ್ರೇಮ್ ಕೊಂಡರೂ ಇದನ್ನು ಮಾರಬೇಡಿ. ಅದರ ಚಿತ್ರವನ್ನು ಇದರಷ್ಟಕ್ಕೆ ಕತ್ತರಿಸಿದರೆ ಉಳಿಯುವುದು 10-11 ಮೆಗಾಪಿಕ್ಸೆಲ್ ಮಾತ್ರ, ಇದರಲ್ಲಿ ಪೂರ್ತಿ 24 ಸಿಗುತ್ತದೆ. ಅಂದರೆ ನಿಮ್ಮ ಎರಡನೇ ಬಾಡಿ ಈಗಾಗಲೇ ನಿಮ್ಮ ಕೈಯಲ್ಲಿದೆ, ಮೊದಲನೆಯದು ಇನ್ನೂ ಬಂದಿಲ್ಲ ಅಷ್ಟೇ. ಈಗ ಒಂದು ಉದ್ದ ಲೆನ್ಸಿಗೆ ಕೂಡಿಸಿ. ಅಲ್ಲಿಯವರೆಗೆ ದೋಣಿ ಹತ್ತುವ ಮೊದಲೇ 70-300 ಹಾಕಿಕೊಳ್ಳಿ, ಇಳಿಯುವ ತನಕ ಬಿಚ್ಚಬೇಡಿ. ಮರದ ತುಂಬ ಹಕ್ಕಿ ಬೇಕಾದರೆ ಮೊಬೈಲಿನಲ್ಲಿ ತೆಗೆಯಿರಿ, ಅದೂ ಚೆನ್ನಾಗೇ ಬರುತ್ತದೆ.

ಹಾಸನದ ಹೊಸಬ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇಷ್ಟು ಜನ ಕೂತು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಚೌಕಿಮನೆ ಮೇಡಂ ಬರೆದ ಪಟ್ಟೆ ವಿಷಯ ಓದಿದಾಗ, ನಮ್ಮೂರ ನಾಟಕದ ಫೋಟೋ ಯಾಕೆ ಹಾಳಾಯಿತು ಅಂತ ಗೊತ್ತಿಲ್ಲದ ನನ್ನ ಸ್ನೇಹಿತನಿಗೂ ಉತ್ತರ ಸಿಕ್ಕಿತು, ಅವನದು ಮಿರರ್‌ಲೆಸ್.

ಬಾಡಿ ಕೊಳ್ಳುವುದಿಲ್ಲ ಅಂತ ತೀರ್ಮಾನ ಮಾಡಿದೆ. ದುಡ್ಡು ಹಾಗೇ ಇರಲಿ, 200-500 ಸೆಕೆಂಡ್ ಹ್ಯಾಂಡ್ ಸಿಗುವಷ್ಟು ಆಗುವ ತನಕ ಕೂಡಿಸುತ್ತೇನೆ. ಆದರೆ ಎರಡರ ಅನುಭವ ಒಂದು ಸಲ ನೋಡಲೇಬೇಕು. ಪಕ್ಕದ ಬೀದಿಯ ಗೆಳೆಯನ ಹತ್ತಿರ ಡಿ5300 ಇದೆ, ನನ್ನದರ ಬ್ಯಾಟರಿಯೇ ಅದಕ್ಕೂ ಆಗುತ್ತದೆ. ಈ ಭಾನುವಾರಕ್ಕೆ ಅಂತ ಈಗಲೇ ಕೊಟ್ಟಿದ್ದಾನೆ. ಎರಡರಲ್ಲೂ ಅಡುಗೆಮನೆ ಗಡಿಯಾರದ ಫೋಟೋ ತೆಗೆದೆ, ಮೂರು ನಿಮಿಷ ವ್ಯತ್ಯಾಸ ಇತ್ತು, ಸರಿ ಮಾಡಿದೆ.

ಕಾವೇರಿ ದಂಡೆ:

ಹಾಗಾದರೆ ಬೆಳಗಿನ ಮೊದಲ ದೋಣಿಗೇ ಬನ್ನಿ, ಬೆಳಕು ಮೆತ್ತಗಿರುತ್ತದೆ. ಎರಡರ ಪಟ್ಟಿಯನ್ನೂ ಕೊರಳಿಗೇ ಹಾಕಿಕೊಳ್ಳಬೇಡಿ, ಒಂದಕ್ಕೊಂದು ತಾಗಿ ಲೆನ್ಸಿನ ಗಾಜು ಗೀರುತ್ತದೆ. ಉದ್ದ ಲೆನ್ಸಿನದು ಅಡ್ಡ ಹೆಗಲಿಗೆ, ಚಿಕ್ಕದು ಕೊರಳಿಗೆ. ಭಾನುವಾರ ನಾನೂ ಅಲ್ಲೇ ಇರುತ್ತೇನೆ, ಟಿಕೆಟ್ ಕೌಂಟರ್ ಹತ್ತಿರ ಸಿಗಿ, ನನ್ನ 200-500 ಹಾಕಿ ನೋಡುವಿರಂತೆ.